ಸನ್ನಿಸೈಡ್‌ನಲ್ಲಿ ಎಲ್‌ಎಲ್‌ಆರ್

ಲೈಸೆನ್ಸು ರಿನ್ಯೂ ಮಾಡಿಸಲು ಮಡಿಕೇರಿಗೆ ಹೋದವನು ಅಭ್ಯಾಸಬಲದಿಂದ ಹಳೆಯ ಗೇಟಿನೊಳಗೇ ಕಾರು ನುಗ್ಗಿಸಿದೆ. ಅಂಗಳದಲ್ಲಿ ಯುದ್ಧದ ಟ್ಯಾಂಕೊಂದು ನಿಂತಿತ್ತು. ಇದಕ್ಕೂ ಇಲ್ಲೇ ಲೈಸೆನ್ಸು ಕೊಡಲು ಶುರುಮಾಡಿದರೋ ಎಂದುಕೊಳ್ಳುವಷ್ಟರಲ್ಲಿ ಕಾವಲಿನವರು ಬಂದರು. "ಆರ್‌ಟಿಓ ಈಗ ಇಲ್ಲಿಲ್ಲ ಸಾರ್. ಜನರಲ್ ಮಾತ್ರ ಇದಾರೆ."

ಮನೆಯ ಹೆಸರು ಸನ್ನಿಸೈಡ್. ಮಡಿಕೇರಿಯ ಮಳೆ ಕಂಡವರಿಗೆ ಈ ಹೆಸರು ಯಾರೋ ಮಾಡಿದ ತಮಾಷೆಯಂತೆ ಕೇಳಿಸುತ್ತದೆ. ಇಪ್ಪತ್ತೈದು ವರ್ಷದ ಹಿಂದೆ, ಇಂಥದೇ ಒಂದು ಜುಲೈಯಲ್ಲಿ, ಫಾರಮ್ಮು ನೆನೆಯದಂತೆ ಅಂಗಿಯೊಳಗೆ ಸಿಕ್ಕಿಸಿಕೊಂಡು ಎಲ್‌ಎಲ್‌ಆರ್‌ಗಾಗಿ ನಾನು ಇಲ್ಲಿ ನಿಂತಿದ್ದೆ. ದಾರಿಯಲ್ಲಿ ಜನರಲ್ ತಿಮ್ಮಯ್ಯನವರ ಪ್ರತಿಮೆಯ ಪಕ್ಕದಲ್ಲೇ ಬಂದಿದ್ದೆ. ನಿಂತದ್ದು ಅವರ ಮನೆಯಲ್ಲೇ ಎಂಬುದು ಮಾತ್ರ ಗೊತ್ತಿರಲಿಲ್ಲ. ತಲೆಯಲ್ಲಿ ಇದ್ದದ್ದೆಲ್ಲ 'ಕಡಿದಾದ ಏರು' ಮತ್ತು 'ಕಡಿದಾದ ಇಳಿಜಾರು' ಫಲಕಗಳ ವ್ಯತ್ಯಾಸ. ಅದು ಇವತ್ತಿಗೂ ನನಗೆ ಗೊಂದಲವೇ.

ಬಂದದ್ದಾಗಿದೆ, ನೋಡಿಯೇ ಹೋಗೋಣ ಎಂದು ಒಳಗೆ ಹೋದೆ. 2021ರ ಫೆಬ್ರುವರಿಯಲ್ಲಿ ಈ ಮನೆ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೋದಂಡೇರ ತಿಮ್ಮಯ್ಯ ಮನೆಯವರ ಬಾಯಲ್ಲಿ ದುಬ್ಬು. ಮುಂದೆ ಸೈನ್ಯದಲ್ಲಿ ಟಿಮ್ಮಿ. ಕೂನೂರು, ಬೆಂಗಳೂರು, ಡೆಹ್ರಾಡೂನ್ ಎಂದು ಓದಿ, ಸ್ಯಾಂಡ್‌ಹರ್ಸ್ಟ್‌ನಿಂದ 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕಾಡಿನಲ್ಲಿ ಜಪಾನಿಯರ ವಿರುದ್ಧ ಕಾದಾಡಿ ಡಿಎಸ್‌ಓ ಪದಕ ಪಡೆದರು. ಆ ಯುದ್ಧದಲ್ಲಿ ಪದಾತಿ ಬ್ರಿಗೇಡೊಂದನ್ನು ರಣರಂಗದಲ್ಲಿ ಮುನ್ನಡೆಸಿದ ಭಾರತೀಯ ಅವರೊಬ್ಬರೇ. ಅತ್ತ ಅವರ ಅಣ್ಣ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ತಾಯಿಯ ಮಕ್ಕಳು, ಎದುರುಬದುರು ಸೈನ್ಯ. 1945ರಲ್ಲಿ ಸಿಂಗಪುರದಲ್ಲಿ ಜಪಾನಿಯರು ಶರಣಾದ ಸಮಾರಂಭದಲ್ಲಿ ತಮ್ಮ ತಿಮ್ಮಯ್ಯ ಇದ್ದರು. ಪದಕಗಳಿಗಿಂತ ಈ ಸಂಗತಿಯ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಅಣ್ಣತಮ್ಮಂದಿರು ಆಮೇಲೆ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡಿರಬಹುದು?

ಆದರೆ ಕಾರು ಕಲಿತ ಮಡಿಕೇರಿಯವನಿಗೆ ನಿಜಕ್ಕೂ ಹತ್ತಿರದ ಕತೆ ಝೋಜಿಲಾದ್ದು. ನನ್ನ ಡ್ರೈವಿಂಗ್ ಗುರುಗಳದು ಒಂದೇ ಪಾಠ. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಒಂದಡಿ ದೂರದಲ್ಲಿ ತಮ್ಮ ಚಪ್ಪಲಿ ಇಟ್ಟು, "ಹಾಫ್ ಕ್ಲಚ್‌ನಲ್ಲಿ ಹಿಡೀರಿ, ಚಪ್ಪಲಿ ಮುಟ್ಟಬಾರದು" ಎನ್ನುತ್ತಿದ್ದರು. ಅವರ ಮೂರು ಜೊತೆ ಚಪ್ಪಲಿಗೆ ನಾನೇ ಹೊಣೆ.

ಝೋಜಿಲಾ ಕಣಿವೆ ಸುಮಾರು 11,500 ಅಡಿ ಎತ್ತರದಲ್ಲಿದೆ. 1948ರಲ್ಲಿ ಅದು ಪಾಕಿಸ್ತಾನದ ಕಡೆಯ ದಾಳಿಕಾರರ ಕೈಸೇರಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯೇ ಮುಚ್ಚಿಹೋಯಿತು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಹಿಮಾಲಯ ದಾಟಿ ಲೇಹ್‌ನ ಹಸಿಮಣ್ಣಿನ ಪಟ್ಟಿಯ ಮೇಲೆ ಡಕೋಟಾ ವಿಮಾನ ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ಸೆಪ್ಟೆಂಬರಿನಲ್ಲಿ ಕಣಿವೆಯ ಮೇಲೆ ನಡೆಸಿದ ದಾಳಿಗಳು ಸೋತವು. ಬಂಡೆಗಳ ಮರೆಯಲ್ಲಿ ಕೂತವನ ಮೆಷಿನ್‌ಗನ್‌ಗೆ ಬರಿಮೈ ಕಾಲಾಳು ಎಷ್ಟು ಹೊತ್ತು ಎದೆಯೊಡ್ಡಿಯಾನು? ಟ್ಯಾಂಕು ಏರಿಸೋಣ ಎಂದು ತಿಮ್ಮಯ್ಯ ನಿರ್ಧರಿಸಿದರು. ಅಲ್ಲಿದ್ದದ್ದು ಹೇಸರಗತ್ತೆಗಳ ದಾರಿ. ಅದನ್ನು 15 ಟನ್ ಆಸುಪಾಸಿನ ಸ್ಟುವರ್ಟ್ ಟ್ಯಾಂಕು ಹೋಗುವಂತೆ ಅಗಲಿಸಿದವರು ನಮ್ಮ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್‌ನವರು. ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಬರುವಾಗ ಯಾರಿಗೂ ಗುರುತು ಸಿಗದಂತೆ ಮೇಲಿನ ತಿರುಗುಗೋಪುರಗಳನ್ನು ಕಳಚಿ, ಟಾರ್ಪಾಲು ಹೊದಿಸಿ, ರಾತ್ರಿಯಲ್ಲೇ ಸಾಗಿಸಿದರು. ನವೆಂಬರ್ 1ರಂದು ಹಿಮ ಬೀಳುತ್ತಿರುವಾಗ ಅವು ಗುಡುಗುಟ್ಟುತ್ತ ಕಣಿವೆಗೆ ಏರಿದವು. ಟ್ಯಾಂಕು ಅಷ್ಟು ಎತ್ತರದಲ್ಲಿ ಕಾದಿದ್ದು ಅದುವರೆಗೆ ಜಗತ್ತಿನಲ್ಲೆಲ್ಲೂ ಇರಲಿಲ್ಲ. ಮುಂದಿನ ಟ್ಯಾಂಕಿನೊಳಗೆ ಮೇಜರ್ ಜನರಲ್ ಸಾಹೇಬರೇ ಕೂತಿದ್ದರು. ಡಿವಿಷನ್ನಿನ ದಂಡನಾಯಕ ಕೂರಬೇಕಾದ ಜಾಗ ಅದಲ್ಲ. ಆದರೆ ಏರಿನಲ್ಲಿ ಪಕ್ಕದ ಸೀಟಿನಲ್ಲಿ ಯಾರಿದ್ದಾರೆ ಎಂಬುದು ಎಷ್ಟು ಮುಖ್ಯವೆಂದು ನನ್ನನ್ನು ಕೇಳಿ. ಆ ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್‌ವರೆಗಿನ ದಾರಿ ತೆರೆಯಿತು.

ಕೊರಿಯಾದಲ್ಲಿ, ತಮ್ಮ ದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ವಿಲೇವಾರಿಯ ತಲೆನೋವು ಹೊತ್ತದ್ದು, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದದ್ದು ಆಮೇಲಿನ ಮಾತು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ ರಾಜೀನಾಮೆ ಕೊಟ್ಟರು; ನೆಹರೂ ಹೇಳಿದ್ದಕ್ಕೆ ವಾಪಸು ಪಡೆದರು. ಕೊಡಬಾರದಿತ್ತು, ಇಲ್ಲವೇ ಹಿಂದೆ ತೆಗೆದುಕೊಳ್ಳಬಾರದಿತ್ತು ಎಂಬ ಎರಡು ಪಕ್ಷಗಳಿವೆ. ನಾನು ಎರಡನೆಯ ಪಕ್ಷದವನು. ಅವರು ನಿವೃತ್ತರಾದದ್ದು 1961ರಲ್ಲಿ, ಚೀನಾ ಯುದ್ಧ ಮರುವರ್ಷ. ಅದನ್ನು ನೆನೆದಾಗ ಪಕ್ಷದ ಮೇಲಿನ ನನ್ನ ನಿಷ್ಠೆ ಇನ್ನಷ್ಟು ಗಟ್ಟಿಯಾಗುತ್ತದೆ.

ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ದ್ವೀಪದವರು ಅವರ ನೆನಪಿಗೆ ಅಂಚೆಚೀಟಿ ತಂದರು. ನಾವು ಅವರ ಮನೆಯಲ್ಲಿ ವರ್ಷಗಟ್ಟಲೆ ಎಲ್‌ಎಲ್‌ಆರ್ ಪಡೆದೆವು. ಹೀಗೆಂದರೆ ಚುಚ್ಚಿದಂತಾಗುತ್ತದೆಯೇನೋ. ಆದರೆ ಫಾರಮ್ಮು ಹಿಡಿದು ನಿಂತ ಕೊಡಗಿನ ಹುಡುಗರ ಗಲಾಟೆ ದುಬ್ಬುವಿಗೆ ಬೇಸರ ತರಿಸಿರಲಾರದು ಎಂದು ನನ್ನ ನಂಬಿಕೆ.

ಹೊರಗೆ ಬಂದಾಗ ಮಳೆ ಜೋರಾಗಿತ್ತು. ಕಾರು ಗೇಟು ದಾಟಿ ಏರಿನಲ್ಲಿ ಆಫ್ ಆಯಿತು. ಕನ್ನಡಿಯಲ್ಲಿ ನೋಡಿದೆ. ಕಾವಲಿನವರು ಕೊಡೆ ಹಿಡಿದುಕೊಂಡು ಬಂದು, ಹಿಂದಿನ ಚಕ್ರದ ಕೆಳಗೆ ಕಲ್ಲೊಂದನ್ನು ಇಡುತ್ತಿದ್ದರು.