ಸೋಪಿನ ಹಿಂದಿನ ಮರ

ಎಂಬಿಎ ಮಕ್ಕಳ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ‘ಉದ್ಯಮದ ಪರಿಚಯ’, ‘ಕಂಪನಿಯ ಪರಿಚಯ’ ಎಂಬ ಎರಡು ಅಧ್ಯಾಯಗಳಿರುತ್ತವೆ. ಬಹಳಷ್ಟು ಮಂದಿ ಅವನ್ನು ಸೀನಿಯರ್‌ಗಳ ರಿಪೋರ್ಟಿನಿಂದ ಎತ್ತಿ ಹಾಕಿ, ಪ್ರಶ್ನಾವಳಿ ಹಂಚುವ ಕೆಲಸಕ್ಕೆ ಓಡುತ್ತಾರೆ. ನಾನು ಮೊದಲು ಓದುವುದು ಆ ಎರಡನ್ನೇ. ಹುಡುಗನೋ ಹುಡುಗಿಯೋ ಕಂಪನಿಯನ್ನು ನಿಜಕ್ಕೂ ಕಂಡಿದ್ದಾರೆಯೇ ಎನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ.

“ಯಾವ ಕಂಪನಿ ತಗೊಳ್ಳಲಿ ಸರ್?” ಎಂದು ಕೇಳಿದವರಿಗೆ ಬಚ್ಚಲಮನೆಯಲ್ಲಿರುವ ಸೋಪಿನಿಂದ ಶುರುಮಾಡಿ ಎನ್ನುತ್ತೇನೆ. ಮೈಸೂರು ಸ್ಯಾಂಡಲ್ ಆರಿಸಿಕೊಂಡವರಿಗೆ ಕತೆ ಸುಲಭವಾಗಿ ಸಿಗುತ್ತದೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಮರ ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರ ದಿವಾನಗಿರಿ. ಎಣ್ಣೆಯನ್ನು ಇಲ್ಲೇ ತೆಗೆಯುವ ಕಾರ್ಖಾನೆ ಎದ್ದಿತು. ಅದರ ಬೆನ್ನಿಗೇ ಸೋಪು ಬಂತು. ಸರ್ಕಾರಿ ಕಾರ್ಖಾನೆ 1980ರಲ್ಲಿ ಕಂಪನಿಯಾಯಿತು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ‘ಆ ಮರ ಯಾರದು?’ ಎಂದು ಕೇಳುವವರು ಮಾತ್ರ ಅಪರೂಪ.

ಕೇಳಿದರೆ ಇಡೀ ಉದ್ಯಮ ತೆರೆದುಕೊಳ್ಳುತ್ತದೆ. ಬಹುಕಾಲ ಶ್ರೀಗಂಧ ಎಲ್ಲೇ ಬೆಳೆದಿರಲಿ, ಅದು ಸರ್ಕಾರದ ಸೊತ್ತು. ಹೊಲ ರೈತನದು, ಅದರ ಬದುವಿನಲ್ಲಿ ಹುಟ್ಟಿದ ಗಂಧದ ಗಿಡ ಅವನದಲ್ಲ. ಕದ್ದು ಕಡಿದವನ ಪಾಪ ತನ್ನ ತಲೆಗೆ ಬಂದೀತೆಂಬ ಭಯ ಬೇರೆ. ಹೀಗಿರುವಾಗ ಗಿಡ ನೆಡುವವರು ಯಾರು? ಕಾಡಿನಲ್ಲಿದ್ದುದು ಕಳ್ಳರ ಪಾಲಾಗುತ್ತ ಬಂತು. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯನಾದ. ಆದರೆ ಚೇಗು ಬಲಿಯಲು ಹತ್ತಾರು ವರ್ಷ ಬೇಕು. ಅಂದು ಬದಲಾದ ಕಾನೂನಿನ ಫಲ ಇಂದು ಕೈಗೆ ಬರುತ್ತಿದೆ. ಸೋಪಿನ ಕಂಪನಿಯ ಭವಿಷ್ಯವನ್ನು ಅಳೆಯುವವರು ಅರಣ್ಯ ಕಾಯ್ದೆಯನ್ನು ಓದದೆ ನಾಲ್ಕು ಖಾನೆಯ ಸ್ವಾಟ್ ಪಟ್ಟಿ ಬರೆದರೆ ಏನು ಬಂತು?

ಮಾಹಿತಿ ಸಿಗುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಈ ಕಂಪನಿ ಷೇರುಪೇಟೆಯಲ್ಲಿಲ್ಲ, ಹಾಗಾಗಿ ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟವಾಗುವುದಿಲ್ಲ, ನಿಜ. ಆದರೆ ರಾಜ್ಯ ಸರ್ಕಾರದ ಕಂಪನಿಯ ವಾರ್ಷಿಕ ವರದಿ, ಲೆಕ್ಕಪರಿಶೋಧನಾ ವರದಿ, ಅದರ ಮೇಲೆ ಮಹಾಲೇಖಪಾಲರ ಟಿಪ್ಪಣಿ ಎಲ್ಲವೂ ವಿಧಾನಮಂಡಲದ ಮುಂದೆ ಬರಬೇಕೆಂದು ಕಂಪನಿ ಕಾಯ್ದೆಯೇ ಹೇಳುತ್ತದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ವರದಿ ಕೈಗೆ ಬಂದಮೇಲೆ ಅದನ್ನು ಹಿಂದಿನಿಂದ ಓದಬೇಕು. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಫೋಟೋ, ಪ್ರಶಸ್ತಿಗಳು. ದಾಸ್ತಾನು ಎಷ್ಟು ಬಿದ್ದಿದೆ, ಕಚ್ಚಾ ಸಾಮಗ್ರಿಗೆ ಎಷ್ಟು ಹೋಯಿತು, ಯಾವ ವ್ಯಾಜ್ಯ ಕೋರ್ಟಿನಲ್ಲಿದೆ ಎಂಬುದೆಲ್ಲ ಲೆಕ್ಕಪತ್ರದ ಕೊನೆಯ ಸಣ್ಣಕ್ಷರದ ಟಿಪ್ಪಣಿಗಳಲ್ಲಿರುತ್ತದೆ.

ಇನ್ನೊಂದು ದಾಖಲೆ ಕಿರಾಣಿ ಅಂಗಡಿಯಲ್ಲೇ ಇದೆ. ಸೋಪಿನ ಹೊದಿಕೆಯನ್ನು ತಿರುಗಿಸಿ ನೋಡಿ: ಟಿಎಫ್‌ಎಂ, ಅಂದರೆ ಕೊಬ್ಬಿನಂಶ ಶೇಕಡಾ ಎಷ್ಟೆಂದು ಅಚ್ಚಾಗಿರುತ್ತದೆ. ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಅದು ಕನಿಷ್ಠ 76 ಇರಬೇಕು. ಕೆಲವದರ ಮೇಲೆ ಸೋಪು ಎಂದೇ ಇರುವುದಿಲ್ಲ, ‘ಬಾತಿಂಗ್ ಬಾರ್’ ಎಂದಿರುತ್ತದೆ; ಅದಕ್ಕೆ ಬೇರೆಯದೇ ಮಾನದಂಡ. ತೂಕವನ್ನೂ ಬರೆದುಕೊಳ್ಳಿ. ಸೋಪಿಗೆ ಬೇಕಾದ ತಾಳೆಎಣ್ಣೆ ನಮಗೆ ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರಬೇಕು. ಅದರ ಬೆಲೆ ಏರಿದಾಗ ದರ ಅಷ್ಟೇ ಇದ್ದು ಗ್ರಾಂ ಇಳಿಯುವುದುಂಟು. ಹತ್ತು ಹೊದಿಕೆಗಳನ್ನು ಸಾಲಾಗಿಟ್ಟರೆ ಪೈಪೋಟಿ ಹೇಗಿದೆಯೆಂದು ಕಣ್ಣಿಗೇ ಕಾಣುತ್ತದೆ.

ಕಳೆದ ಸಲ ಒಬ್ಬ ಹುಡುಗಿ ಶ್ರೀಗಂಧ ಬೆಳೆದ ರೈತರೊಬ್ಬರ ತೋಟಕ್ಕೇ ಹೋಗಿಬಂದಳು. ಬೇಲಿಗೆ, ರಾತ್ರಿ ಕಾವಲಿಗೆ, ನಾಯಿಗಳಿಗೆ ಆಗುವ ಖರ್ಚನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದಳು. “ಇದನ್ನ ಎಲ್ಲಿ ಸೇರಿಸಲಿ ಸರ್, ಕಂಪನಿ ಲೆಕ್ಕದಲ್ಲಿ ಇದು ಬರೋದೇ ಇಲ್ಲವಲ್ಲ?” ಎಂದಳು. ಉದ್ಯಮದ ಪರಿಚಯದ ಮೊದಲ ಪುಟದಲ್ಲೇ ಹಾಕಮ್ಮ, ಜಾಗ ಸಾಲದಿದ್ದರೆ ಪ್ರಶ್ನಾವಳಿ ಬಿಡು ಎಂದೆ.