ಕಾರಿನ ಅಡಿಯನ್ನೊಮ್ಮೆ ಬಗ್ಗಿ ನೋಡಿ

ಕಾರಿನ ಮೈಮೇಲೆ ಸಣ್ಣ ಗೀರು ಬಿದ್ದರೂ ನಮ್ಮ ಕಣ್ಣಿಗೆ ಕೂಡಲೇ ಕಾಣುತ್ತದೆ. ಆದರೆ ಅದರ ಅಡಿಯಲ್ಲಿ ಏನಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಬಗ್ಗಿ ನೋಡಿದ್ದೇವೆ? ನಿಮ್ಮ ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ಹಳೆಯ ಕಾರಿದ್ದರೆ, ಅದರಲ್ಲೂ ನೀವು ಕಡಲ ಬದಿಯವರಾಗಿದ್ದರೆ, ದಯವಿಟ್ಟು ಇದನ್ನು ಓದಿ.

ನಮ್ಮೂರು ಉಳ್ಳಾಲ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗೆ ಇಲ್ಲಿ ಕಿಟಕಿಯ ಸರಳಿನಿಂದ ಗೇಟಿನ ಚಿಲಕದವರೆಗೆ ಎಲ್ಲವೂ ತುಕ್ಕು ಹಿಡಿಯುತ್ತವೆ. ಮಾವನವರು ಬಿಟ್ಟುಹೋದ 1998ರ ಮಾರುತಿ 800 ನಮ್ಮ ಮನೆಯ ವಾಹನ. ಮನೆಯವರು ಗಲ್ಫ್‌ನಲ್ಲಿರುವುದರಿಂದ ಮಕ್ಕಳನ್ನು ಶಾಲೆಗೆ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನದೇ.

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಕಾರಿನ ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ ಬರತೊಡಗಿತು. ಏರು ರಸ್ತೆಯಲ್ಲಿ ಎಂಜಿನ್ ಮುಗ್ಗರಿಸುತ್ತಿತ್ತು. ನೆಲದಲ್ಲಿ ತೇವ ಕಂಡ ದಿನ ನಾನು ಕಾರನ್ನು ಹೊರಡಿಸಲೇ ಇಲ್ಲ, ಮೆಕ್ಯಾನಿಕನ್ನೇ ಮನೆಗೆ ಕರೆಸಿದೆ. ಹಿಂಬದಿಯ ಟ್ಯಾಂಕಿನಿಂದ ಮುಂದಿನ ಎಂಜಿನ್‌ಗೆ ಪೆಟ್ರೋಲ್ ಒಯ್ಯುವ ಕಬ್ಬಿಣದ ಪೈಪು ತುಕ್ಕು ತಿಂದು ತೂತಾಗಿತ್ತು.

"ಅಕ್ಕಾ, ಹಾಳಾದಷ್ಟು ಕತ್ತರಿಸಿ ನಡುವೆ ರಬ್ಬರ್ ಹೋಸ್ ಸೇರಿಸುವ, ಸಾಕು" ಎಂದರು ಅವರು. "ಅಣ್ಣಾ, ಉಳಿದ ಪೈಪು ಹೇಗಿದೆ ನೋಡಿ" ಎಂದೆ. ಪೈಪನ್ನು ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ವರ್ಷಗಟ್ಟಲೆಯ ಕೆಸರು ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದಲ್ಲೆಲ್ಲ ತುಕ್ಕು ಹಪ್ಪಳದಂತೆ ಎದ್ದು ಬಂತು. ಇಂದು ಒಂದು ತೂತು ಮುಚ್ಚಿದರೆ ನಾಳೆ ಪಕ್ಕದಲ್ಲೇ ಇನ್ನೊಂದು. ಕೊನೆಗೆ ಅವರೇ, "ಇಡೀ ಬದಲಿಸುವುದೇ ಒಳ್ಳೆಯದು" ಎಂದರು.

ಎಂಜಿನ್ ಮುಗ್ಗರಿಸಿದ್ದೇಕೆಂದೂ ಅವರೇ ವಿವರಿಸಿದರು. ಕಾರ್ಬುರೇಟರ್ ಇರುವ ಹಳೆಯ ಕಾರಿನಲ್ಲಿ ಪಂಪು ಎಂಜಿನ್ ಬಳಿ ಇದ್ದು ಪೆಟ್ರೋಲನ್ನು ಹೀರುತ್ತದೆ. ಪೈಪು ತೂತಾದರೆ ಪೆಟ್ರೋಲಿನ ಜೊತೆ ಗಾಳಿಯೂ ಸೇರುತ್ತದೆ. ನಂತರ ಬಂದ ಎಂಪಿಎಫ್‌ಐ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗಿದ್ದು ಒತ್ತಡದಿಂದ ತಳ್ಳುತ್ತದೆ. ಅಲ್ಲಿ ಸೂಜಿಮೊನೆಯಷ್ಟು ತೂತಾದರೂ ಪೆಟ್ರೋಲ್ ಚಿಮ್ಮುತ್ತದೆ. ಅಡಿಯಲ್ಲೇ ಬಿಸಿಯಾದ ಸೈಲೆನ್ಸರ್ ಪೈಪೂ ಇರುತ್ತದೆ ಎಂಬುದನ್ನು ನೆನಪಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ಅದು ನೆಲದ ಮೇಲೇ ಸಂಗ್ರಹವಾಗುತ್ತದೆ, ಒಂದು ಕಿಡಿ ಸಾಕು.

ಇದು ನಾವು ನೀವು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಸರಿಯಾಗಿ ಮಾಡುತ್ತಾರೋ ಎಂದು ನೋಡಬಹುದು. ಮೊದಲು ಕಾರನ್ನು ಬಯಲಿಗೆ ತಂದು, ಬ್ಯಾಟರಿಯ ತಂತಿ ಕಳಚಿ, ಟ್ಯಾಂಕ್ ಖಾಲಿ ಮಾಡಬೇಕು. ಕಾರು ಬರೇ ಜಾಕಿನ ಮೇಲೆ ನಿಲ್ಲದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು. ಹತ್ತಿರ ಬೀಡಿ, ಬೆಂಕಿ, ವೆಲ್ಡಿಂಗ್ ಕೂಡದು. ಹೊಸ ಪೈಪು ಹಳೆಯದರ ದಾರಿಯಲ್ಲೇ ಸಾಗಿ, ಹಳೆಯ ಜಾಗಗಳಲ್ಲೇ ಕ್ಲಿಪ್ಪಿಗೆ ಕೂರಬೇಕು. ಬರೇ ತಾಮ್ರದ ಕೊಳವೆ ಬೇಡ, ಅದು ಅದುರಿ ಅದುರಿ ಬಿರುಕು ಬಿಡುತ್ತದೆ. ಎಂಜಿನ್‌ನಿಂದ ಟ್ಯಾಂಕಿಗೆ ಪೆಟ್ರೋಲ್ ಮರಳಿಸುವ ಪೈಪೂ ಅಷ್ಟೇ ಹಳೆಯದಾಗಿದ್ದರಿಂದ ನಾವು ಎರಡನ್ನೂ ಬದಲಿಸಿದೆವು.

ಪೈಪಿನ ಎರಡೂ ತುದಿಯ ರಬ್ಬರ್ ಹೋಸುಗಳನ್ನು ಮರೆಯಬೇಡಿ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂತು. ಹಳೆಯ ಕಾರುಗಳ ರಬ್ಬರ್ ಅದಕ್ಕಾಗಿ ತಯಾರಾದದ್ದಲ್ಲ. ಆದ್ದರಿಂದ ಎಥನಾಲ್ ತಾಳುವ ಪೆಟ್ರೋಲ್ ಹೋಸನ್ನೇ ಕೇಳಿ ಹಾಕಿಸಿ. ಕೆಲಸ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಪ್ರತಿಯೊಂದು ಜೋಡಣೆಗೂ ಒಣ ಕಾಗದ ಒತ್ತಿ ನೋಡಲು ಹೇಳಿ. ತೇವವಾದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

"ಇಷ್ಟು ಹಳೆಯ ಕಾರಿಗೆ ಇಷ್ಟೊಂದು ಖರ್ಚೇ?" ಎಂದು ಮನೆಯವರು ಫೋನಿನಲ್ಲಿ ಕೇಳಿದರು. "ಹಿಂದಿನ ಸೀಟಿನಲ್ಲಿ ಕೂರುವುದು ನಿಮ್ಮ ತಾಯಿ ಮತ್ತು ಮಕ್ಕಳು" ಎಂದೆ. ಅವರು ಮರುಮಾತಾಡಲಿಲ್ಲ.

ಮಳೆಗಾಲ ಮುಗಿದೊಡನೆ ಕಾರಿನ ಅಡಿಯನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಸಿ. ವರ್ಷಕ್ಕೊಮ್ಮೆ ಕಾರನ್ನು ಎತ್ತರಿಸಿ ಪೈಪುಗಳನ್ನು ನೋಡಲು ಹೇಳಿ. ಪೆಟ್ರೋಲ್ ವಾಸನೆ ಬಂದರೆ, ನಿನ್ನೆ ಬಂಕಿನಲ್ಲಿ ಚೆಲ್ಲಿರಬೇಕೆಂದು ಸಮಾಧಾನ ಮಾಡಿಕೊಳ್ಳದೆ ಅಂದೇ ತೋರಿಸಿ.