ಕ್ರಯಪತ್ರದಲ್ಲಿ ಇಲ್ಲದಿದ್ದ ಒಂದು ಸಹಿ

ಬಾಲ್ಯವನ್ನು ಮಠದ ಪ್ರಸಾದನಿಲಯದಲ್ಲಿಯೂ, ಅಧ್ಯಾಪನದ ಮೂವತ್ತು ವರ್ಷಗಳನ್ನು ಬಾಡಿಗೆ ಮನೆಗಳಲ್ಲಿಯೂ ಕಳೆದ ನನಗೆ ಸ್ವಂತ ಮನೆಯ ಯೋಗ ಒದಗಿದ್ದು ನಿವೃತ್ತಿಯ ನಂತರ. 2023ರಲ್ಲಿ ಧಾರವಾಡದ ಹಳೆಯ ಹೆಂಚಿನ ಮನೆಯೊಂದು ಮನಸ್ಸಿಗೊಪ್ಪಿತು. ಬೆಲೆ 48 ಲಕ್ಷ ರೂಪಾಯಿ. 5 ಲಕ್ಷವನ್ನು ಚೆಕ್ಕಿನ ಮೂಲಕ ಮುಂಗಡವಿತ್ತು, ಮೂರು ತಿಂಗಳ ಅವಧಿಯ ಕರಾರುಪತ್ರ ಮಾಡಿಕೊಂಡೆವು. ಮನೆಯವರು ಪೂಜೆಯ ಕೋಣೆ ಯಾವುದೆಂದು ಆಗಲೇ ನಿಶ್ಚಯಿಸಿಬಿಟ್ಟಿದ್ದರು.

ಋಣಭಾರ ಪ್ರಮಾಣಪತ್ರ ತರಿಸಿದೆ. ಅದರಲ್ಲಿ ಸಾಲದ ಸುಳಿವಿರಲಿಲ್ಲ. ಖಾತೆ ಮಾರುವವರ ಹೆಸರಿನಲ್ಲಿಯೇ ಇತ್ತು. ಇನ್ನೇನು ಬೇಕೆಂದು ನಾನು ನಿಶ್ಚಿಂತನಾಗಿದ್ದೆ. ನಮ್ಮ ವಕೀಲರು ಮಾತ್ರ ವಂಶವೃಕ್ಷ ಕೇಳಿದರು. ಮನೆ ಕಟ್ಟಿಸಿದ ತಂದೆ ಮರಣಶಾಸನ ಬರೆಯದೆ ತೀರಿಕೊಂಡಿದ್ದರು, ತಾಯಿಯೂ ಇರಲಿಲ್ಲ. ಮಕ್ಕಳು ಇಬ್ಬರು: ಮಾರುವ ಈ ಮಗ, ಗದುಗಿಗೆ ಕೊಟ್ಟ ಒಬ್ಬ ಮಗಳು.

ವಕೀಲರು ತಿಳಿಸಿ ಹೇಳಿದರು: ಋಣಭಾರ ಪ್ರಮಾಣಪತ್ರ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ, ವಾರಸುದಾರರ ಹಕ್ಕನ್ನು ತೋರಿಸದು. ಖಾತೆಯೆಂಬುದು ತೆರಿಗೆಗಾಗಿ ಇರುವ ದಾಖಲೆ. ಒಡೆತನಕ್ಕೆ ಅದೊಂದೇ ಆಧಾರವಾಗದು. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು 1956ರ ಉತ್ತರಾಧಿಕಾರ ಕಾಯ್ದೆಯೇ ಕೊಟ್ಟಿದೆ.

ಮಾರುವವರಿಗೆ ಸಿಟ್ಟು ಬಂದಿತು. "ಶಾಸ್ತ್ರಿಗಳ, ಆಕೀಗೆ ಮದುವ್ಯಾಗ ಬಂಗಾರ ಹಾಕೇವ್ರಿ. ಇನ್ನ ಆಕೀನ್ನ ಯಾಕ ಕೇಳಬೇಕ್ರಿ? ನಿಮಗ ಬ್ಯಾಡಾದ್ರ ಬ್ಯಾರೆ ಗಿರಾಕಿ ಅದಾರ" ಎಂದರು. ಮುಂಗಡ ಕೈಬಿಟ್ಟೀತೆಂಬ ಭಯದಿಂದ ಎರಡು ರಾತ್ರಿ ನಾನೂ ತೂಗಾಡಿದೆನೆಂಬುದನ್ನು ಮುಚ್ಚಿಡಲಾರೆ. ಅದಕ್ಕಿಂತಲೂ ಹೆಚ್ಚಾಗಿ ಚುಚ್ಚಿದ್ದು ಬೇರೊಂದು ನೆನಪು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ತಂದೆಯ ಹೊಲದ ವಿಷಯದಲ್ಲಿ ನನ್ನ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೆ. "ಇಲ್ಲಿ ಹಾಕವ್ವಾ" ಎಂದಿದ್ದೆನೇ ಹೊರತು, ನಿನ್ನ ಮನಸ್ಸೇನೆಂದು ಕೇಳಿರಲಿಲ್ಲ.

ಗದುಗಿಗೆ ಹೋದೆವು. ಆ ತಾಯಿ ಶಾಂತವಾಗಿ ಕೇಳಿ, "ಸಹಿ ಮಾಡ್ತೀನ್ರಿ. ನನ್ನ ಪಾಲು ನನ್ನ ಹೆಸರಿಗೇ ಬರಲಿ" ಎಂದರು. ಅಣ್ಣ ಗೊಣಗಿದರೂ ಕೊನೆಗೆ ಒಪ್ಪಿದರು. ಉಳಿದ ಹಣಕ್ಕೆ ಇಬ್ಬರ ಹೆಸರಿನಲ್ಲಿ ಬೇರೆ ಬೇರೆ ಡಿ.ಡಿ. ತೆಗೆಸಿದೆ, ಮುಂಗಡವನ್ನು ಅಣ್ಣನ ಪಾಲಿನಲ್ಲಿ ಎಣಿಸಲಾಯಿತು.

ನೋಂದಣಿಯ ಹಿಂದಿನ ದಿನ ಕರಡನ್ನು ಸಾವಧಾನವಾಗಿ ಓದಬೇಕು. ಹೆಸರುಗಳು, ಅಳತೆ, ಚೆಕ್ಕುಬಂದಿ ಇವುಗಳಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ತಿದ್ದುಪಡಿ ಪತ್ರದ ತೊಂದರೆ. ಖರ್ಚನ್ನೂ ಮೊದಲೇ ಲೆಕ್ಕ ಹಾಕಿರಬೇಕು. ನಮಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಶೇ. 5.6, ನೋಂದಣಿ ಶುಲ್ಕ ಶೇ. 1, ಒಟ್ಟು 3,16,800 ರೂಪಾಯಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ಸರಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆಯೇ ಶುಲ್ಕ. ಬೆಲೆ 50 ಲಕ್ಷ ಮುಟ್ಟಿದರೆ, ಕೊಳ್ಳುವವರು ಶೇ. 1ರಷ್ಟು ಆದಾಯ ತೆರಿಗೆಯನ್ನು ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಭಾವಚಿತ್ರ, ಹೆಬ್ಬೆರಳಿನ ಗುರುತು, ಇಬ್ಬರು ಸಾಕ್ಷಿಗಳ ಸಹಿ, ಇಷ್ಟರಲ್ಲಿ ಕೆಲಸ ಮುಗಿಯಿತು. ಹಳೆಯ ಮೂಲಪತ್ರಗಳು, ತೆರಿಗೆ ರಸೀದಿಗಳು, ಕೀಲಿಕೈ ಇವನ್ನು ಅಲ್ಲಿಯೇ ಪಡೆದೆ. ಖಾತೆ ಬದಲಾವಣೆ, ವಿದ್ಯುತ್ ಮೀಟರಿನ ಹೆಸರು ಬದಲಾವಣೆ ಆಮೇಲಿನ ಕೆಲಸಗಳು, ಅವನ್ನು ಮುಂದೂಡಬಾರದು.

ಗೃಹಪ್ರವೇಶಕ್ಕೆ ಗದುಗಿನ ಆ ತಾಯಿ ಬಂದು, ತಾನು ಹುಟ್ಟಿ ಬೆಳೆದ ಹೊಸ್ತಿಲಿಗೆ ಅರಿಸಿನ ಹಚ್ಚಿದರು. ಅಂದು ನನ್ನ ತಂಗಿಯೂ ಬಂದಿದ್ದಳು. ಊಟವಾದ ಮೇಲೆ ಅವಳನ್ನು ಬದಿಗೆ ಕರೆದು ಹೊಲದ ಮಾತೆತ್ತಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಈಗರೆ ಕೇಳಿದೆಲ್ಲಣ್ಣಾ" ಎಂದಳು. ಆ ಲೆಕ್ಕವನ್ನು ಈಗ ತೀರಿಸುತ್ತಿದ್ದೇನೆ.